ನಮ್ಮನೆ ದಾಟಿದ್ಲು

ನನ್ನ ತಂಗಿ ಮೈ ನೆರೆದ ಮೇಲೂ ಬುದ್ಧಿಯಲ್ಲಿ ಎಳೆ ಮಗುವಾಗಿಯೇ ಉಳಿದಳು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮದು ಸಾಲಿನ ಕೊನೆಯ ಮನೆ. ಅವ್ವ ಬೀದಿ ನಲ್ಲಿಗೆ ಹೋಗುವಾಗ ಹಳೆ ಸೀರೆಯೊಂದನ್ನು ಅವಳ ಸೊಂಟಕ್ಕೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿ ಹೋಗುತ್ತಿದ್ದಳು. ಐವತ್ತರ ದಶಕದ ಆ ದಿನಗಳಲ್ಲಿ ಅಂಥ ಮಕ್ಕಳಿಗೂ ಏನಾದರೂ ಕಲಿಸಬಹುದೆಂದು ನಮ್ಮ ಕಡೆ ಯಾರೂ ಯೋಚಿಸಿರಲಿಲ್ಲ. ನೆಂಟರು ಬಂದು ಪೂರ್ವಜನ್ಮದ ಕರ್ಮ ಎಂದು ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಅವರ ಲೋಟ ತೊಳೆಯಲೂ ನನಗೆ ಸಿಟ್ಟು.

ಒಂದು ದಿನ ಅದೇ ಸಾಲಿನ ತಮಿಳು ಹೆಂಗಸೊಬ್ಬರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ಕಿಟಕಿಯ ಗಂಟನ್ನು ನೋಡಿ ಹೊಸ್ತಿಲ ಮೇಲೆ ಕುಸಿದು ಕೂತರು.

"ನೀವು ಕಟ್ಟಿ ಹಾಕ್ತೀರಾ ಅಕ್ಕಾ, ನಾನು ಬೀಗ ಹಾಕ್ತೀನಿ."

ಅವರ ಹಿಂದಿನ ಕೋಣೆಯಲ್ಲಿ ತಂಗಿಯಂಥವನೇ ಒಬ್ಬ ಮಗನಿದ್ದಾನೆಂದು ನಮಗೆ ತಿಳಿದದ್ದು ಆಗಲೇ. ಅಷ್ಟು ವರ್ಷ ಒಂದೇ ಸಾಲಿನಲ್ಲಿದ್ದು ಒಬ್ಬರಿಗೊಬ್ಬರು ಬಚ್ಚಿಟ್ಟಿದ್ದೆವು. ಇಬ್ಬರೂ ಕೂತು ಅತ್ತರು. ಅತ್ತು ಮುಗಿದ ಮೇಲೆ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ನಾಳೆ ನಿಮ್ಮ ಹುಡುಗನ್ನ ಇಲ್ಲಿ ಬಿಡಿ. ನಾಡಿದ್ದು ಇವಳು ನಿಮ್ಮನೆಗೆ ಬರ್ತಾಳೆ" ಎಂದಳು.

ಅಷ್ಟೇ ಶುರು. ಸುದ್ದಿ ಕೇಳಿ ಹಿಂದಿನ ಸಾಲಿನ ಲಾರಿ ಡ್ರೈವರೊಬ್ಬರ ಹೆಂಡತಿಯೂ ತಮ್ಮ ಮಗಳನ್ನು ಕರೆತಂದರು. ದಿನಕ್ಕೊಂದು ಮನೆ ಸರದಿ. ಅವರ ಮನೆಗಳಲ್ಲಿ ತಂಗಿ ಏನು ತಿಂದಳು ಎಂದು ಅಪ್ಪ ಹುಬ್ಬು ಗಂಟಿಕ್ಕಿ ಕೇಳಿದರು. "ಹೊಟ್ಟೆ ತುಂಬ ತಿಂದ್ಲು" ಎಂದಳು ಅವ್ವ. ಅಪ್ಪ ಮತ್ತೆ ಆ ಮಾತೆತ್ತಲಿಲ್ಲ.

ಸಂಜೆ ಈ ಮೂವರನ್ನು ಅವರವರ ಮನೆ ಸೇರಿಸುವುದೇ ಕಷ್ಟವಾಗಿತ್ತು. ಅದಕ್ಕೂ ಅಮ್ಮಂದಿರೇ ಒಂದು ಉಪಾಯ ಹುಡುಕಿದರು. ಕಾರ್ಖಾನೆಯ ಸೈರನ್ ಕೂಗಿದೊಡನೆ ಗಂಡಂದಿರ ಸೈಕಲ್ ಬಂತೇ ಎಂದು ಎಲ್ಲ ಹೆಂಗಸರೂ ಹೇಗೂ ಬಾಗಿಲಿಗೆ ಬರುತ್ತಿದ್ದರು. ಆ ಹೊತ್ತಿಗೇ ಇವರೂ ಹೊರಡಬೇಕು. ಯಾರ ಮನೆ ಮುಂದೆ ಹೋದರೋ ಆ ಮನೆಯವರು ಮುಂದಿನ ಮನೆಗೆ ಕೂಗಿ ಹೇಳಬೇಕು. ತಿಂಗಳುಗಟ್ಟಲೆ ತಂಗಿಯ ಕೈ ಹಿಡಿದೆಬ್ಬಿಸಿ, "ಕೂಗ್ತು, ಏಳು" ಎಂದು ಕಲಿಸಿದರು. ಕೊನೆಗೊಂದು ಸಂಜೆ ಯಾರೂ ಹೇಳದೆ ಅವಳೇ ಎದ್ದಳು.

ಆಮೇಲೆ ದಿನಾ ಸಂಜೆ "ನಮ್ಮನೆ ದಾಟಿದ್ಲು," "ನಮ್ಮನೆ ದಾಟಿದ್ಲು" ಎಂದು ತಮಿಳು, ತೆಲುಗು ಬೆರೆತ ಕನ್ನಡದಲ್ಲಿ ಬಾಗಿಲಿಂದ ಬಾಗಿಲಿಗೆ ಕೂಗು ಬರುತ್ತಿತ್ತು. ಅದರ ಹಿಂದೆ ನನ್ನ ತಂಗಿ, ಮೆರವಣಿಗೆ ಹೊರಟವಳ ಹಾಗೆ ಬೀಗುತ್ತ ಬರುತ್ತಿದ್ದಳು. ಅವ್ವ ಆ ಹಳೆ ಸೀರೆಯನ್ನು ಹರಿದು ಮಸಿಬಟ್ಟೆ ಮಾಡಿಕೊಂಡಳು.

ಅಪ್ಪ ರಿಟೈರ್ ಆದ ಮೇಲೆ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗಕ್ಕೆ ಬಂದೆವು. ಸವಳಂಗ ರಸ್ತೆಯ ಪಕ್ಕದಲ್ಲಿ ದೊಡ್ಡಪ್ಪನ ಖಾಲಿ ಮನೆಯಿತ್ತು. ಅವ್ವ ಸುಮ್ಮನಿರುವವಳಲ್ಲ. ಇಲ್ಲಿಯೂ ಅಂಥದ್ದೇ ಸರದಿ ಕಟ್ಟುತ್ತೇನೆಂದು ಮನೆಮನೆ ಹತ್ತಿ ಇಳಿದಳು. ಎಲ್ಲರೂ ಕೂರಿಸಿ ಉಪಚಾರ ಮಾಡಿದರು, "ಪಾಪ" ಎಂದರು. ಆ ಮಾತು ಕೇಳಿದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಕೊನೆಗೆ ಎದುರು ಮನೆಯ ಅಜ್ಜಿಯೊಬ್ಬರು ಮಾತ್ರ ಮಧ್ಯಾಹ್ನ ಕಳಿಸು ಎಂದರು.

ತಂಗಿ ಖುಷಿಯಾಗಿ ಹೋಗಿ ಅವರ ಜಗಲಿಯಲ್ಲಿ ಕೂತಳು. ಸಂಜೆಯಾದರೂ ಏಳಲಿಲ್ಲ. ಅಜ್ಜಿ ಹೇಳಿದರು, ಅವ್ವ ಹೋಗಿ ಕರೆದಳು. "ಕೂಗಿಲ್ಲ" ಎಂದು ತಂಗಿ ಕಂಬ ತಬ್ಬಿ ಕೂತಳು. ಅಂಗಡಿಯಿಂದ ಬಂದ ಅಜ್ಜಿಯ ಮಗ ರಟ್ಟೆ ಹಿಡಿದು ಎಳೆದ, ಇವಳು ಕಚ್ಚಿದಳು. ಮರುದಿನದಿಂದ ಆ ಬಾಗಿಲೂ ಮುಚ್ಚಿತು. ಮನೆಗೆ ಹೋಗುವುದನ್ನು ನಾವೆಲ್ಲ ಸೇರಿ ಅವಳಿಗೆ ಕಲಿಸಿದ್ದೆವು, ನಿಜ. ಆದರೆ ಅದನ್ನು ಭದ್ರಾವತಿಯ ಸೈರನ್ನಿಗೆ ಗಂಟು ಹಾಕಿ ಕಲಿಸಿದ್ದೆವು. ಅವ್ವ ಸೈರನ್ನಿನ ಬದಲು ಹಿತ್ತಾಳೆ ತಟ್ಟೆ ಬಡಿದು ನೋಡಿದಳು. ತಂಗಿ ನಕ್ಕು ಚಪ್ಪಾಳೆ ತಟ್ಟಿದಳು.

ದಿನದಿನಕ್ಕೆ ಅವಳು ಮಂಕಾದಳು. "ಅಲ್ಲಿ ಒಂದಿನ ಇದ್ದು ಬರ್ಲಿ ಮಾರಾಯ್ತಿ, ನನ್ನ ಕೈಲಿ ನೋಡಕ್ಕಾಗಲ್ಲ" ಎಂದು ಅವ್ವ ತಂಗಿಯನ್ನೂ ನನ್ನನ್ನೂ ಕರೆದುಕೊಂಡು ಭದ್ರಾವತಿಯ ರೈಲು ಹತ್ತಿದಳು. ತಮಿಳು ಹೆಂಗಸು ತಂಗಿಯನ್ನು ತಬ್ಬಿ ಬಿಡಲೇ ಇಲ್ಲ. ಸಂಜೆ ಸೈರನ್ ಕೂಗಿತು. ನಾವು ಏಳುವುದರೊಳಗೆ ಅವಳು ಎದ್ದು ಹೊರಟಾಗಿತ್ತು. ಬಾಗಿಲುಗಳಲ್ಲಿ ನಿಂತವರಿಗೆ ಅವಳನ್ನು ನೋಡಿ ಎಷ್ಟು ಸಂತೋಷವೋ, ಹಳೆಯ ರೂಢಿಯಂತೆ ಕೂಗಿಯೇ ಬಿಟ್ಟರು. "ನಮ್ಮನೆ ದಾಟಿದ್ಲು." "ನಮ್ಮನೆ ದಾಟಿದ್ಲು."

ಓಡಿಹೋಗಿ ನೋಡಿದರೆ ಕೊನೆಯ ಮನೆಯ ಅಡುಗೆಕೋಣೆಯಲ್ಲಿ, ಒರಳಿನ ಪಕ್ಕದ ತನ್ನ ಜಾಗದಲ್ಲಿ ಕೂತಿದ್ದಳು. ಈಗ ಆ ಮನೆಯಲ್ಲಿದ್ದ ಹೆಂಗಸು ಕೂಸನ್ನೆತ್ತಿಕೊಂಡು ಹೆದರಿ ಗೋಡೆಗೆ ಒರಗಿ ನಿಂತಿದ್ದಳು.

"ಅವ್ವ, ಊಟ" ಎಂದಳು ತಂಗಿ.

"ಇದು ನಮ್ಮನೆ ಅಲ್ಲ ಕಣೇ" ಎಂದಳು ಅವ್ವ.

ತಂಗಿ ಅವ್ವನ ಮುಖವನ್ನೇ ನೋಡಿದಳು. ಇಷ್ಟು ಜನ ಕೂಗಿ ಹೇಳಿದ ಮೇಲೆ ಇವಳೊಬ್ಬಳ ಮಾತು ನಂಬುವುದು ಹೇಗೆ? ನಾವಿಬ್ಬರೂ ಅವಳನ್ನು ಎಳೆದುಕೊಂಡೇ ಬರಬೇಕಾಯಿತು.

ಆಮೇಲೆ ಅವಳಿಗೆ ಒಂದೇ ಧ್ಯಾನ. ಬಾಗಿಲು ತೆರೆದಿದ್ದರೆ ಸಾಕು, ಹೊರಟುಬಿಡುವಳು. ಒಮ್ಮೆ ಮಾಚೇನಹಳ್ಳಿಯ ಹತ್ತಿರ, ಭದ್ರಾವತಿಯ ರಸ್ತೆಯ ನಟ್ಟನಡುವೆ ನಡೆಯುತ್ತಿದ್ದವಳನ್ನು ಗಾಡಿಯವನೊಬ್ಬ ಕೂರಿಸಿಕೊಂಡು ತಂದುಬಿಟ್ಟ. ಪಾದ ಒಡೆದು ರಕ್ತ ಸುರಿಯುತ್ತಿತ್ತು. ಲಾರಿಗೆ ಸಿಕ್ಕಿದ್ದರೆ ಗತಿಯೇನು ಎಂದು ಅಪ್ಪ ಅತ್ತರು.

ಮರುದಿನ ನೀರಿಗೆ ಹೊರಟ ಅವ್ವ ಕೊಡ ಕೆಳಗಿಟ್ಟು, ಒಳಗೆ ಹೋಗಿ ಟ್ರಂಕು ತೆಗೆದು ಹಳೆ ಸೀರೆಯೊಂದನ್ನು ತಂದಳು. ತನಗೆ ಸೀರೆ ಉಡಿಸುತ್ತಾರೆಂದು ತಿಳಿದು ತಂಗಿ ನಗುತ್ತ ಎರಡೂ ಕೈ ಎತ್ತಿ ನಿಂತಳು.