ಕೊಳವೆಯೊಳಗಿನ ಮೂರು ಗೀಟು

ಪಾಮನಕಲ್ಲೂರಿನ ಬಸವಂತರಾಯ ಯಾರನ್ನೂ ನಂಬುತ್ತಿರಲಿಲ್ಲ. ಲಗ್ನದ ಮನೆಗೆ ಕೊಟ್ಟ ಪಾತ್ರೆ ತಪ್ಪಬಾರದೆಂದು ಎಲ್ಲರೂ ಹೆಸರು ಕೊರೆಸುತ್ತಾರೆ. ಅವನು ಕೊಡಲಿಯ ಕಾವಿಗೆ, ಹೊರಸಿನ ಕಾಲಿಗೆ, ಬಕೆಟ್ಟಿಗೆ ಕೂಡ ಗುರುತು ಹಾಕುತ್ತಿದ್ದ. ವಿಭೂತಿ ಎಳೆದಂತೆ ಮೂರು ಗೀಟು. "ಹೇಣ್ತಿ ಕಸ್ತೂರೆಮ್ಮಗೂ ಹಾಕ್ಯಾನೇನು ನೋಡ್ರಿ," ಎಂದು ಮಂದಿ ನಗುತ್ತಿದ್ದರು.

ಊರ ಬೋರಿನ ನೀರು ಉಪ್ಪು. ಗಂಡ ಹೆಂಡತಿ ಫಿಲ್ಟರ್ ನೀರಿನ ಘಟಕ ನಡೆಸುತ್ತಿದ್ದರು. ಅದರಲ್ಲಿ ಉಪ್ಪು ತಡೆಯುವುದು ಮೆಂಬ್ರೇನ್. ತೋಳಿನ ದಪ್ಪದ, ಎರಡು ಮೊಳ ಉದ್ದದ ಬಿಳಿ ಸುರುಳಿ, ನಡುವೆ ಒಂದು ಕೊಳವೆ. ಅದನ್ನು ಕೊಂಡು ತಂದ ದಿನ ಬಸವಂತರಾಯ ಮೊಳೆ ಕಾಸಿ, ಕೊಳವೆಯ ಬಾಯೊಳಗೆ ಕಣ್ಣಿಗೆ ಬೀಳದ ಕಡೆ ಮೂರು ಗೀಟು ಎಳೆದ. ಕಸ್ತೂರೆಮ್ಮ ಬ್ಯಾಟರಿ ಬೆಳಕು ಹಿಡಿದಿದ್ದಳು.

ಹೋದ ಕಾರ್ತಿಕದಲ್ಲಿ ಅವನು ಎದೆ ಹಿಡಿದುಕೊಂಡು ಕೂತ. ಏಳಲಿಲ್ಲ. ಘಟಕದ ಕೀಲಿ ಅವಳ ಸೊಂಟಕ್ಕೆ ಬಂತು.

ಬೇಸಿಗೆಯಲ್ಲಿ ನೆರೆಮನೆಯ ಜುಬೇದಾಬೀ ಕೊಡ ತಂದು ಕಟ್ಟೆಗೆ ಕುಕ್ಕಿದಳು.

"ಯಕ್ಕಾ, ನಿನ್ನ ನೀರಾಗ ಬ್ಯಾಳಿ ಬೇಯವಲ್ದು. ಫಿಲ್ಟರ್ ಅಂತ ಬೋರಿನ ನೀರ ಕೊಡಾಕತ್ತಿಯೇನು?"

"ನನ್ನ ಮನ್ಯಾಗೂ ಬೆಂದಿಲ್ಲ ಬೇ."

"ಮತ್ತ? ಮೊಮ್ಮಗಳ ಹಾಲಿನ ಪುಡಿ ಇದರಾಗ ಕಲಸ್ತೀನಿ. ಹಿಂಗ ಆದ್ರ ನಾವೆಲ್ಲಾ ಬ್ಯಾರೆ ಕಡೆ ನೋಡ್ಕೋತೀವಿ."

ಅವರು ಹೋದರೆ ಘಟಕ ಮುಚ್ಚೀತು. ಗಂಡನದೆಂದು ಅವಳಿಗೆ ಉಳಿದದ್ದು ಅದೊಂದೇ.

ಸಿಂಧನೂರಿನಲ್ಲಿ ಫಿಲ್ಟರ್ ಸಾಮಾನಿನ ಅಂಗಡಿ ಇಟ್ಟ ವೆಂಕೋಬ ಬಂದು ಮೆಂಬ್ರೇನ್ ಬಿಚ್ಚಿದ.

"ಇದು ಸತ್ತೈತ್ರೀ ಅಕ್ಕಾರ. ಹೊಸದು ತರ್ತೀನಿ. ಹಳೇದು ನಂಗ ಕೊಡ್ರಿ."

"ಸತ್ತದ್ದು ನಿನಗ್ಯಾಕ?"

"ಕಸ ಐತಲ್ರೀ. ನಾನ ಒಗೀತೀನಿ."

ಒಗೆಯುವ ಕಸವನ್ನು ಯಾರೂ ಅಷ್ಟು ಜೋಪಾನವಾಗಿ ಗೋಣಿತಟ್ಟಿನಲ್ಲಿ ಸುತ್ತುವುದಿಲ್ಲ. ಬಸವಂತರಾಯ ಹಳೆಯದನ್ನು ಗರಗಸದಿಂದ ಕೊಯ್ದೇ ಬಿಸಾಡುತ್ತಿದ್ದ. ಯಾಕೆಂದು ಅವಳು ಕೇಳಿರಲಿಲ್ಲ. ಈಗ ಅದು ನೆನಪಾಗುವಷ್ಟರಲ್ಲಿ ವೆಂಕೋಬನ ಬೈಕು ಊರು ದಾಟಿತ್ತು.

ಒಂದು ದಿನ ಬಿಟ್ಟು ವೆಂಕೋಬ ಹೊಸದು ತಂದ. ಬಾಯಿ ಬೆಸೆದ ಚೀಲ, ಮಿಂಚುವ ಸ್ಟಿಕರ್. ಚೀಲ ಹರಿದರೆ ಒಳಗೆ ತೇವ.

"ಹಸಿ ಯಾಕೈತಿ?"

"ಕಂಪನಿಯವರು ಹಂಗ ಕಳಸ್ತಾರ್ರೀ."

ನಿಜವಿದ್ದರೂ ಇರಬಹುದು. ಅವಳು ಕಿರುಬೆರಳನ್ನು ಕೊಳವೆಗೆ ತೂರಿಸಿದಳು. ನುಣುಪು. ತಿರುಗಿಸಿ ಇನ್ನೊಂದು ತುದಿಗೆ ಹಾಕಿದಳು. ಮೂರು ಗೀಟು ಸಿಕ್ಕವು.

ಬೆರಳು ತೆಗೆಯಲಿಲ್ಲ. ಕಾರ್ತಿಕದಿಂದ ಈಚೆಗೆ ಗಂಡನ ಕೈ ತಾಗಿದಂತಾದದ್ದು ಆಗಲೇ.

"ಒಳಗ ಏನರ ಅಡಗೇತೇನ್ರೀ?" ಎಂದು ವೆಂಕೋಬ ನಕ್ಕ.

"ನನ್ನ ಗಂಡ ಅದಾನ. ನೀನೂ ಬೆರಳ ಹಾಕು."

ಹಾಕಿದ. ನಗು ನಿಂತಿತು.

"ಆಸಿಡ್‌ನ್ಯಾಗ ತೊಳದೀನ್ರೀ. ಇನ್ನೂ ಓಡ್ತೈತಿ. ಎಲ್ಲಾರೂ ಮಾಡ್ತಾರ."

"ಹೊಸಾ ಸ್ಟಿಕರೂ ಎಲ್ಲಾರೂ ಹಚ್ತಾರೇನು?"

ಗರಗಸ ತಂದು ಅವನ ಕೈಗೇ ಕೊಟ್ಟಳು. "ಕೊಯ್ಯಿ. ಈ ತುದಿ ಬಿಟ್ಟು ಕೊಯ್ಯಿ." ಅವನು ಬೆವರುತ್ತ ಕೊಯ್ದ. ಗೀಟಿನ ತುಂಡನ್ನು ಅವಳು ದೇವರ ಜಗಲಿಯ ಮೇಲಿಟ್ಟಳು.

ಮರುದಿನ ಲಿಂಗಸುಗೂರಿನ ಬಸ್ಸು ಹತ್ತಿದಳು. ಅಲ್ಲಿನ ಅಂಗಡಿಯ ವೀರೇಂದ್ರ ತೋರಿಸಿದ ಮೆಂಬ್ರೇನುಗಳಿಗೆಲ್ಲ ಬೆರಳು ಹಾಕಿ ನೋಡಿದಳು. ಸುರುಳಿಯ ತುದಿಗೆ, ಬಳಸಿದ್ದರಲ್ಲಿ ಇರುವ ಕಂದು ಕಲೆ ಅಂಟಿದೆಯೇ ಎಂದು ಬಿಸಿಲಿಗೆ ಹಿಡಿದಳು. ಒಂದನ್ನು ತೆಗೆದಿಟ್ಟಳು.

"ಇದರ ಸ್ಟಿಕರ್ ಕೀಳು."

"ಕಿತ್ತ ಮ್ಯಾಲೆ ಯಾರ ಒಯ್ತಾರಬೇ ಯಮ್ಮಾ?"

"ಕೆಳಗ ಇನ್ನೊಂದು ಇಲ್ದಿದ್ರ ನಾನ ಒಯ್ತೀನಿ."

ಕೆಳಗೆ ಇನ್ನೊಂದು ಇರಲಿಲ್ಲ.

ಮನೆಯಲ್ಲಿ ಮೊಳೆ ಕಾಸಿದಳು. ಈ ಸಲ ಬ್ಯಾಟರಿ ಹಿಡಿಯುವವರಿಲ್ಲ. ಮೂರನೆಯ ಗೀಟು ಸೊಟ್ಟಗಾಯಿತು. ಮೆಂಬ್ರೇನ್ ಕೂರಿಸಿದ ಮೇಲೆ ಮೊದಲ ನೀರನ್ನೆಲ್ಲ ಗಟಾರಕ್ಕೆ ಬಿಟ್ಟು, ಆಮೇಲಿನದರಲ್ಲಿ ತೊಗರಿಬೇಳೆ ಇಟ್ಟಳು. ಜುಬೇದಾಬೀ ಕೊಡ ಹಿಡಿದು ಒಲೆಯ ಮುಂದೆ ಕೂತಳು.

"ನೀರ ಕೊಡಬಾರದೇನ ಯಕ್ಕಾ?"

"ಬ್ಯಾಳಿ ಬೇಯ್ಲಿ."

ಜುಬೇದಾಬೀ ಸೌಟು ಆಡಿಸಿ, "ಬೆಂದೈತಿ," ಅಂದಳು.

ಕಸ್ತೂರೆಮ್ಮ ಅದನ್ನೂ ನಂಬಲಿಲ್ಲ. ಒಂದು ಕಾಳು ತೆಗೆದು ತಾನೇ ಹಿಚುಕಿದಳು. ಬೆರಳಲ್ಲಿ ಕರಗಿತು. ಎದ್ದು ಹೋಗಿ ನಳ ತಿರುವಿದಳು.