ಜಡೆ ಹೆಣೆಯಲು ಕಲಿತ ಹೆಡ್‌ಮೇಷ್ಟ್ರು

ನಮ್ಮ ಹೆಡ್‌ಮೇಷ್ಟ್ರ ಅಂಗಿಯ ಜೇಬಿನಲ್ಲಿ ಮಸಿ ಪೆನ್ನಿನ ಪಕ್ಕ ಒಂದು ಮರದ ಬಾಚಣಿಗೆ ಇರುತ್ತಿತ್ತು. ಅವರ ತಲೆಯಲ್ಲಿ ಬಾಚುವಂಥ ಕೂದಲೇ ಇರಲಿಲ್ಲ. ಹಣೆಯಿಂದ ನಡುನೆತ್ತಿಯವರೆಗೆ ಬೋಳು, ಕಿವಿಗಳ ಮೇಲೆ ಮಾತ್ರ ನರೆತ ಎರಡು ಕುಚ್ಚು. ಗೌಡಗೆರೆಯ ಮಿಡ್ಲ್ ಸ್ಕೂಲಿಗೆ ನಾನು ಕೆಲಸಕ್ಕೆ ಹಾಜರಾದ ದಿನ ಮೊದಲು ಕಣ್ಣಿಗೆ ಬಿದ್ದದ್ದು ಆ ಬಾಚಣಿಗೆ. ಅದರ ಹಲ್ಲಿಗೆ ಸಿಕ್ಕಿಕೊಂಡಿದ್ದ ಉದ್ದನೆಯ ಕರಿಕೂದಲೊಂದು ಬಿಳಿ ಅಂಗಿಯ ಮೇಲೆ ಎದ್ದು ಕಾಣುತ್ತಿತ್ತು.

ಐವತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ತೆರಡು ವರ್ಷ. ಮದುವೆಯಾಗಿ ಮೂರೇ ತಿಂಗಳಾಗಿತ್ತು. ಹೆಂಡತಿಯನ್ನು ಕೊರಟಗೆರೆಯಲ್ಲಿ ನಮ್ಮಮ್ಮನ ಹತ್ತಿರ ಬಿಟ್ಟು ಒಬ್ಬನೇ ಬಂದಿದ್ದೆ. ಹೆಡ್‌ಮೇಷ್ಟ್ರ ಮನೆಗೆ ಅಂಟಿಕೊಂಡಂತಿದ್ದ ಒಂದು ಕೋಣೆ ನನಗೆ ಸಿಕ್ಕಿತು. ಅಂದು ಸಂಜೆ ನೀರು ಕೇಳಲು ಅವರ ಬಾಗಿಲಿಗೆ ಹೋದವನು ಅಲ್ಲೇ ನಿಂತುಬಿಟ್ಟೆ. ಪಡಸಾಲೆಯಲ್ಲಿ ಅಗಲವಾದ ಹಲಗೆಯ ಮೇಲೆ ಒಬ್ಬ ಹೆಂಗಸು ಅಂಗಾತ ಮಲಗಿದ್ದರು. ಅವರ ಕೂದಲು ಹಲಗೆಯ ತುದಿಯಿಂದ ಕೆಳಗೆ ಇಳಿಬಿದ್ದಿತ್ತು. ಹೆಡ್‌ಮೇಷ್ಟ್ರು ಮಣೆಯ ಮೇಲೆ ಕೂತು ಆ ಕೂದಲನ್ನು ಬಾಚಿ ಜಡೆ ಹೆಣೆಯಲು ಒದ್ದಾಡುತ್ತಿದ್ದರು. ಹೆಣೆದಷ್ಟೂ ಅದು ಬಿಚ್ಚಿಕೊಳ್ಳುತ್ತಿತ್ತು.

ಎದುರು ಮನೆಯ ಕುರಿಗಾರರ ಅಜ್ಜಿ ಹೊಸ್ತಿಲಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಗಂಡ್ಸು ಜಡೆ ಹಾಕಾದ್ ನೋಡಕ್ಕೇ ನಾನಿನ್ನೂ ಬದುಕಿವ್ನಿ ಕಣಪ್ಪ," ಎಂದು ನನ್ನ ಕಡೆ ತಿರುಗಿದಳು.

"ನಗ್ಬೇಡ ಅಜ್ಜಿ, ಹೇಳ್ಕೊಡು," ಎಂದರು ಮೇಷ್ಟ್ರು, ತಲೆ ಎತ್ತದೆ.

"ಅಯ್, ಅಂಗಲ್ಲ ಬುಡಿ. ಮೂರು ಕಾಲು ಒಂದೇ ಸಮ ಇರ್ಬೇಕು. ಇಂಗೆ ಬಿಗಿಯಾಗಿ ತಕ್ಕಳಿ," ಎನ್ನುತ್ತ ಅಜ್ಜಿ ಒಳಗೆ ಬಂದು ಅವರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಅವತ್ತಿನಿಂದ ಆ ಮನೆಗೆ ಅವಳ ಓಡಾಟ ನಿಲ್ಲಲಿಲ್ಲ. ಮೇಷ್ಟ್ರ ಹೆಂಡತಿಯನ್ನು ಮಗ್ಗುಲು ಹೊರಳಿಸಿ ಬೆನ್ನು ಒರೆಸಬೇಕಾದಾಗ ಕೈ ಕೊಡುತ್ತಿದ್ದವಳು ಅವಳೇ.

ಮೇಷ್ಟ್ರ ಹೆಂಡತಿಯನ್ನು ಊರೆಲ್ಲ ಹೊಲಿಗೆ ಅಮ್ಮ ಎನ್ನುತ್ತಿತ್ತು. ಊರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವರು. ಒಂದು ವರ್ಷದ ಕೆಳಗೆ ಬೆನ್ನು ನೋವೆಂದು ಕೂತವರಿಗೆ ಬರಬರುತ್ತ ಎರಡು ಕಾಲೂ ಸತ್ತುಹೋದವು, ಮುಟ್ಟಿದರೂ ತಿಳಿಯದಂತಾದವು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಬೆನ್ನುಮೂಳೆಗೆ ಕ್ಷಯ ಹತ್ತಿದೆ ಎಂದರು. ಹಲಗೆಯ ಮೇಲೆ ಅಲ್ಲಾಡದೆ ಮಲಗಿರಬೇಕು, ದಿನಾ ಸೂಜಿಮದ್ದು ಹಾಕಬೇಕು, ಜೀವ ಉಳಿಯಬಹುದು, ಕಾಲಿನ ಮಾತು ಹೇಳಲಾರೆವು ಎಂದು ಕಳಿಸಿದ್ದರು. ಶಿರಾದ ಕಾಂಪೌಂಡರ್ ಒಬ್ಬರಿಂದ ಮೇಷ್ಟ್ರು ಸೂಜಿ ಹಾಕುವುದನ್ನು ಕಲಿತುಕೊಂಡರು. ಬೆಳಿಗ್ಗೆ ಎದ್ದು ಸೂಜಿ ಕುದಿಸುವುದು, ಮುದ್ದೆ ತೊಳಸುವುದು, ಬಟ್ಟೆ ಒಗೆಯುವುದು, ಆಮೇಲೆ ಮಡಿ ಅಂಗಿ ತೊಟ್ಟು ಸ್ಕೂಲಿನ ಗಂಟೆಗೆ ಸರಿಯಾಗಿ ಬಂದು ನಿಲ್ಲುವುದು. ಮಕ್ಕಳಿರಲಿಲ್ಲ. ಊರಿಗೆ ಅದೊಂದೇ ಕ್ರೈಸ್ತರ ಮನೆ. ಸಂಜೆ ದೀಪ ಹಚ್ಚಿದ ಮೇಲೆ ಗಂಡ ಹೆಂಡತಿ ಪ್ರಾರ್ಥನೆ ಮಾಡುವುದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. ಮೇಷ್ಟ್ರು ದೇವರ ಹತ್ತಿರ ಬಹಳ ಮೆಲ್ಲಗೆ, ಮನೆಗೆ ಬಂದ ಹಿರಿಯರೊಡನೆ ಮಾತಾಡುವ ಹಾಗೆ ಮಾತಾಡುತ್ತಿದ್ದರು. ನಮ್ಮ ದೇವರ ಮುಂದೆ ಮಂತ್ರ ಕೇಳಿ ಬೆಳೆದ ನನಗೆ ಅದು ವಿಚಿತ್ರವಾಗಿ ಕಂಡಿತ್ತು.

ಒಂದು ದಿನ ಅವರು ಸ್ಕೂಲಿಗೆ ತಡವಾಗಿ ಬಂದರು. ನಾನು ನೋಡಿದಂತೆ ಅದೇ ಮೊದಲು, ಅದೇ ಕೊನೆ. ಮಧ್ಯಾಹ್ನದ ಬಿಡುವಿನಲ್ಲಿ ಅಂಗಳದ ಹೊಂಗೆ ಮರದ ಕೆಳಗೆ ಒಬ್ಬರೇ ಕೂತಿದ್ದರು. ನಾನು ಹತ್ತಿರ ಹೋಗಿ ನಿಂತೆ.

"ನಿನ್ನೆ ಅವಳು ಒಂದು ಮಾತು ಹೇಳಿದ್ಳಪ್ಪ," ಎಂದರು. "'ವಾಸಿ ಮಾಡು ಅಂತ ಬೇಡ್ಕೊಂಡಿದ್ದು ಸಾಕು, ಇನ್ನು ಕರ್ಕೊಂಡ್ಬಿಡು ಅಂತ ಬೇಡ್ಕೊಳ್ರಿ' ಅಂದ್ಳು. ಊಟ ಮುಟ್ಟಿಲ್ಲ. ಬೆಳಿಗ್ಗೆ ಸೂಜಿನೂ ಬೇಡ ಅಂದ್ಬಿಟ್ಳು."

"ನೀವೇನು ಮಾಡಿದ್ರಿ ಸಾರ್?"

"ಮಂಡಿ ಊರಿದೆ. ಸ್ವಾಮಿ ಅಂದೆ. ಮುಂದಕ್ಕೆ ಬಾಯಿ ಬರ್ಲಿಲ್ಲ. ಎದ್ದು ಬಂದೆ."

ವಯಸ್ಸಿನ ದುಡುಕು ನನ್ನದು. ಕೇಳಬಾರದ್ದನ್ನು ಕೇಳಿಬಿಟ್ಟೆ. "ನಿಮ್ಮ ದೇವರು ವಾಸಿ ಮಾಡದೇ ಹೋದರೆ?"

ಅವರು ಕೋಪಿಸಿಕೊಳ್ಳಲಿಲ್ಲ. ಬಿದ್ದಿದ್ದ ಹೊಂಗೆ ಎಲೆಯೊಂದನ್ನು ಎತ್ತಿಕೊಂಡು ಮಡಿಸತೊಡಗಿದರು.

"ವಾಸಿ ಆದ್ರೇನೇ ನಂಬೋದು ಅಂದ್ರೆ ಅದು ವ್ಯಾಪಾರ ಆಗುತ್ತಪ್ಪ. ಅವಳು ಎದ್ದು ಓಡಾಡಿದ್ರೂ ಯೇಸುಸ್ವಾಮಿ ಕೈಲೇ ಇರ್ತಾಳೆ, ಏಳದೇ ಹೋದ್ರೂ ಅವರ ಕೈಲೇ ಇರ್ತಾಳೆ. ಸಾವು ಬಂದ್ರೂ ಆ ಕೈ ಬಿಡಲ್ಲ. ನನಗೆ ಗೊತ್ತಿರೋದು ಅಷ್ಟೇ. ಮಿಕ್ಕಿದ್ದು ನಿನಗೆಷ್ಟು ಗೊತ್ತೋ ನನಗೂ ಅಷ್ಟೇ." ಎಲೆಯನ್ನು ಕೆಳಗಿಟ್ಟು ಮತ್ತೆ ಹೇಳಿದರು. "ಆದ್ರೆ ಅವಳ ತಪ್ಪೂ ಇಲ್ಲ. ತಿಂಗಳುಗಟ್ಟಲೆ ಮನೆ ತೊಲೆ ನೋಡ್ಕೊಂಡು ಮಲಗಿದಾಳೆ. ಬರೀ ತೊಲೆ ನೋಡ್ತಾ ಎಷ್ಟು ದಿನ ನಂಬಕ್ಕಾಗುತ್ತೆ, ಹೇಳು?"

ಅಂದು ಸಂಜೆ ಗೋಡೆಯಾಚೆಯಿಂದ ಅವರ ದನಿ ಕೇಳಿಸಿತು. "ನೀನು ಹೇಳಿದ ಹಾಗೆ ಬೇಡ್ಕೊಳ್ಳಕ್ಕೆ ನೋಡ್ದೆ, ಆಗ್ಲಿಲ್ಲ. ನಾಳೆ ಒಂದು ದಿನ ನನಗೋಸ್ಕರ ಸೂಜಿ ಹಾಕಿಸ್ಕೋ. ನಾಳಿದ್ದಿಂದು ನಾಳಿದ್ದು ಕೇಳ್ತೀನಿ." ಆಕೆ ಏನೆಂದರೋ ತಿಳಿಯಲಿಲ್ಲ. ಬೆಳಿಗ್ಗೆ ಸೂಜಿ ಕುದಿಯುವ ಸದ್ದು ಕೇಳಿತು. ಮರುದಿನವೂ ಕೇಳಿತು. ಎಷ್ಟೋ ವಾರ ಅವರು ಹಾಗೆ ಒಂದೊಂದೇ ದಿನವನ್ನು ಆಕೆಯಿಂದ ಬೇಡಿ ಪಡೆದರು.

ಹೊಂಗೆ ಮರದ ಕೆಳಗೆ ಆ ಮಾತಾಡಿದ ವಾರದ ಭಾನುವಾರವೇ ಬಸ್ಸು ಹತ್ತಿ ಶಿರಾಕ್ಕೆ ಹೋದ ಮೇಷ್ಟ್ರು ಜಟಕಾ ಗಾಡಿ ಮಾಡುವ ಒಬ್ಬ ಸಾಹೇಬರನ್ನು ಕರೆದುಕೊಂಡು ಬಂದರು. ಸಾಹೇಬರು ಹಲಗೆಯ ಸುತ್ತ ಎರಡು ಸುತ್ತು ಬಂದು, ಬಗ್ಗಿ ಕೆಳಗೆ ನೋಡಿ, ಗಡ್ಡ ನೀವಿಕೊಂಡರು.

"ಫಿಕರ್ ಮಾಡ್ಬೇಡಿ ಮೇಷ್ಟ್ರೇ. ನಾಲ್ಕು ಚಕ್ರ ಹಾಕ್ಕೊಡ್ತೀನಿ. ಅಮ್ಮಾವ್ರಿಗೆ ಸ್ವಲ್ಪಾನೂ ಧಕ್ಕೆ ಆಗ್ದಂಗೆ ಹೊರಗೆ ಹೋಗ್ತದೆ ನೋಡಿ."

ಹಲಗೆಗೆ ಚಕ್ರ ಬಂತು. ಹೊಸ್ತಿಲ ಎರಡೂ ಕಡೆ ಇಳಿಜಾರಿಗೆ ಹಲಗೆ ಕೂಡಿಸಿದರು. ಆದರೆ ಜಗಲಿಗೆ ಬಂದರೂ ಅಂಗಾತ ಮಲಗಿದವರಿಗೆ ಕಾಣುವುದು ಸೂರಿನ ಹೆಂಚು ಮಾತ್ರ. ಅದನ್ನು ಕಂಡ ಸಾಹೇಬರು ಗಡ್ಡ ನೀವಿಕೊಳ್ಳುತ್ತ ಹೊರಟುಹೋದರು. ಮುಂದಿನ ಭಾನುವಾರ ಯಾರೂ ಕರೆಯದೆ ತಾವೇ ಬಂದು, ತಲೆಯ ಮೇಲ್ಗಡೆ ಬಾಗಿ ನಿಲ್ಲುವಂತೆ ಒಂದು ಕನ್ನಡಿಯನ್ನು ಮರದ ತೋಳಿಗೆ ಬಿಗಿದು ಕೂರಿಸಿದರು. ಹೊಲಿಗೆ ಅಮ್ಮ ಕಣ್ಣೆತ್ತಿದರು. ಕನ್ನಡಿಯೊಳಗೆ ಬೀದಿ ಕಂಡಿತು. ಅಜ್ಜಿಯ ಕುರಿಗಳು ಹೋದವು. ಕಡಲೆಕಾಯಿ ಮೂಟೆ ಹೇರಿದ ಗಾಡಿ ಹೋಯಿತು.

"ಎಲ್ಲ ಉಲ್ಟಾ ಹೋಗ್ತಾ ಇದಾವಲ್ರೀ," ಎಂದರು. ಆಕೆ ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಸ್ಕೂಲು ಬಿಟ್ಟ ಮೇಲೆ ಐದನೇ ಕ್ಲಾಸಿನ ಹೆಣ್ಣುಮಕ್ಕಳನ್ನು ಜಗಲಿಗೆ ಕಳಿಸತೊಡಗಿದರು, ಮಗ್ಗಿ ಒಪ್ಪಿಸಲು. ಬೇಡವೆಂದ ತಾಯಂದಿರಿಗೆ, ಮೂಳೆಯ ರೋಗ ಗಾಳಿಯಲ್ಲಿ ಬರುವುದಿಲ್ಲ ಎಂದು ಮನೆಮನೆಗೆ ಹೋಗಿ ಹೇಳಿ ಬಂದರು. ಹೊಲಿಗೆ ಅಮ್ಮ ಕನ್ನಡಿಯಲ್ಲಿ ಹುಡುಗಿಯರ ಮುಖ ನೋಡುತ್ತ ತಪ್ಪು ತಿದ್ದುತ್ತಿದ್ದರು. ಕೆಲವೇ ದಿನಗಳಲ್ಲಿ ಊಟಕ್ಕೆ ತಾವಾಗಿ ಕೇಳುವಂತಾದರು.

ಮಳೆಗಾಲ ಕಳೆದು ಕಡಲೆಕಾಯಿ ಕೀಳುವ ಹೊತ್ತು. ಹುಡುಗಿಯರು ಹದಿಮೂರರ ಮಗ್ಗಿ ಹೇಳುತ್ತಿದ್ದರು. ಮೇಷ್ಟ್ರು ಮತ್ತು ನಾನು ಅಲ್ಲೇ ಕೂತು ಪರೀಕ್ಷೆಯ ಕಾಗದ ತಿದ್ದುತ್ತಿದ್ದೆವು.

"ರೀ, ಕಾಲ ಮೇಲೆ ನೊಣ ಕೂತಿದೆ, ಸ್ವಲ್ಪ ಓಡಿಸ್ರಿ," ಎಂದರು ಹೊಲಿಗೆ ಅಮ್ಮ.

ಮೇಷ್ಟ್ರು ಕಾಗದದಿಂದ ಕಣ್ಣು ತೆಗೆಯದೆ ಕೈ ಬೀಸಿ ಓಡಿಸಿದರು. ಮತ್ತೆ ಕೆಂಪು ಪೆನ್ಸಿಲು ಎತ್ತಿದವರು ಅದನ್ನು ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದರು. ಕನ್ನಡಿ ಬೀದಿಯ ಕಡೆಗಿತ್ತು. ಕಾಲು ಅದರಲ್ಲಿ ಕಾಣುವಂತಿರಲಿಲ್ಲ.

"ನೊಣ ಕೂತಿದ್ದು ನಿನಗೆ ಹೆಂಗೆ ಗೊತ್ತಾಯ್ತು?"

"ಹೆಂಗೆ ಅಂದ್ರೆ? ಕಚಗುಳಿ ಇಟ್ಟಂಗೆ..." ಎಂದ ಆಕೆಯ ಮಾತು ಅಲ್ಲಿಗೇ ನಿಂತಿತು. ಹುಡುಗಿಯರ ಮಗ್ಗಿಯೂ ನಿಂತಿತು. ಅದೇ ನೊಣವೋ ಇನ್ನೊಂದೋ, ಮತ್ತೆ ಬಂದು ಪಾದದ ಮೇಲೆ ಕೂತಿತು. ಹುಡುಗಿಯೊಬ್ಬಳು ಕೈ ಎತ್ತಿದಳು.

"ಓಡಿಸ್ಬೇಡ! ಓಡಿಸ್ಬೇಡಮ್ಮಾ, ಇರ್ಲಿ ಅದು!" ಎಂದು ಮೇಷ್ಟ್ರು ಕೂಗಿದರು. ಹಲಗೆಯ ಬಳಿ ಮಂಡಿಯೂರಿ, ಹೆಂಡತಿಯ ಪಾದವನ್ನು ಎರಡು ಕೈಯಲ್ಲಿ ಹಿಡಿದು, ಶಿಷ್ಯರೆದುರು, ನನ್ನೆದುರು, ಬೀದಿಯೆದುರು ಅತ್ತರು. ಅಜ್ಜಿ ಓಡಿಬಂದು, "ಏನಾಯ್ತಲಾ, ಏನಾಯ್ತು?" ಎಂದು ನನ್ನನ್ನು ಜಗ್ಗಿದಳು. ಹುಡುಗಿಯರೇ ಹೇಳಿದರು.

ಆಕೆ ಎದ್ದು ನಿಲ್ಲಲು ಮತ್ತೊಂದು ವರ್ಷ ಹಿಡಿಯಿತು. ಕೋಲು ಹಿಡಿದು, ಬೆನ್ನು ಕೊಂಚ ಬಾಗಿಸಿಕೊಂಡು ನಡೆಯುತ್ತಿದ್ದರು. ಆ ಕ್ರಿಸ್‌ಮಸ್ಸಿಗೆ ಬೀದಿಯವರಿಗೆಲ್ಲ ರವೆ ಉಂಡೆಯನ್ನು ತಾವೇ ಮನೆಮನೆಗೆ ಹೋಗಿ ಕೊಟ್ಟು ಬಂದರು. ಒಂದು ಬೀದಿ ಮುಗಿಸಲು ಮಧ್ಯಾಹ್ನವೆಲ್ಲ ಬೇಕಾಯಿತು. ಜೊತೆಗೆ ಬರುತ್ತೇನೆಂದ ಗಂಡನನ್ನು ಆಕೆ ಜಗಲಿಯಲ್ಲೇ ಕೂರಿಸಿದ್ದರು.

ಅರವತ್ತರ ದಶಕದ ಮೊದಲಲ್ಲಿ ನನಗೆ ಪಾವಗಡಕ್ಕೆ ವರ್ಗವಾಯಿತು. ಅಲ್ಲಿ ಎರಡನೆಯ ಹೆರಿಗೆಯಾದ ಮೇಲೆ ನನ್ನ ಹೆಂಡತಿಗೆ ಜ್ವರ ಹಿಡಿದು ಇಳಿಯಲೇ ಇಲ್ಲ. ಡಾಕ್ಟರು ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟಿದ್ದರು. ದಿಕ್ಕು ತೋಚದೆ ಹೆಡ್‌ಮೇಷ್ಟ್ರಿಗೆ ಒಂದು ಕಾರ್ಡು ಬರೆದೆ. ಅವರಾಗ ನಿವೃತ್ತರಾಗಿ ಮಧುಗಿರಿಯಲ್ಲಿದ್ದರು. ಮೂರನೆಯ ದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಸ್ಸಿಳಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಹೊಲಿಗೆ ಅಮ್ಮ ಕೋಲೂರಿಕೊಂಡು ನೇರ ನನ್ನ ಹೆಂಡತಿಯ ಪಕ್ಕಕ್ಕೆ ಹೋಗಿ ಕೂತರು. ಮೇಷ್ಟ್ರು ನನ್ನನ್ನು ಒಲೆಯ ಮುಂದೆ ಕೂರಿಸಿದರು.

"ಗಂಜಿ ಮಾಡಕ್ಕೆ ಬರುತ್ತಾ?"

"ಇಲ್ಲ ಸಾರ್. ನನಗೆ ಹೆದರಿಕೆ ಆಗ್ತಿದೆ."

"ಹೆದರ್ಬೇಡ ಅಂತ ನಾನು ಹೇಳಲ್ಲಪ್ಪ. ನಾನು ದಿನಾ ಹೆದರ್ತಿದ್ದೆ. ಹೆದರ್ಕೊಂಡೇ ಸೂಜಿ ಹಾಕ್ತಿದ್ದೆ, ಹೆದರ್ಕೊಂಡೇ ಬೇಡ್ಕೋತಿದ್ದೆ. ನೀನೂ ಹೆದರ್ಕೊಂಡೇ ಗಂಜಿ ಮಾಡು. ಅಕ್ಕಿ ಎಲ್ಲಿದೆ?"

ಹದಿನೈದು ದಿನ ಇದ್ದರು. ನನ್ನ ದೇವರನ್ನು ಬಿಡು ಎನ್ನಲಿಲ್ಲ, ತಮ್ಮ ದೇವರನ್ನು ಮರೆಮಾಡಲೂ ಇಲ್ಲ. ಸಂಜೆ ನನ್ನ ಹೆಂಡತಿಯ ಹಾಸಿಗೆಯ ಬಳಿ ಅವರು ಪ್ರಾರ್ಥನೆ ಮಾಡುವಾಗ ನಾನೂ ಕೈ ಮುಗಿದು ನಿಲ್ಲುತ್ತಿದ್ದೆ. ಜ್ವರ ಇಳಿಯಿತು. ಇಳಿಯದೇ ಹೋಗಿದ್ದರೂ ನಾನು ಒಬ್ಬಂಟಿಯಾಗುತ್ತಿರಲಿಲ್ಲ ಎಂಬುದು ಆ ಹೊತ್ತಿಗೆ ನನಗೆ ಗೊತ್ತಾಗಿತ್ತು. ನನ್ನ ಹೆಂಡತಿಗೆ ನಾನು ಒಳ್ಳೆಯ ಗಂಡನಾಗಿದ್ದರೆ, ಅದು ಅವರಿಂದ ಕಲಿತದ್ದು.

ಆ ದಶಕ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಮೇಷ್ಟ್ರು ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಾನೂ ನನ್ನ ಹೆಂಡತಿಯೂ ಮಧುಗಿರಿಗೆ ಹೋದೆವು. ಮಣ್ಣು ಮಾಡಿ ಜನರೆಲ್ಲ ಚದುರಿದ ಮೇಲೂ ಹೊಲಿಗೆ ಅಮ್ಮ ಅಲ್ಲೇ ನಿಂತಿದ್ದರು. ಅತ್ತು ಅತ್ತು ಕಣ್ಣು ಊದಿತ್ತು. ನನ್ನನ್ನು ಕಂಡು ಹತ್ತಿರ ಕರೆದರು.

"ನಾನೇ ಮುಂಚೆ ಹೋಗ್ತೀನಿ ಅಂದ್ಕೊಂಡು ಇಬ್ರೂ ಮನಸ್ಸು ಗಟ್ಟಿ ಮಾಡ್ಕೊಂಡಿದ್ವಿ ಕಣಪ್ಪ. ನನ್ನ ಕಾಲ ಮೇಲೆ ನಾನು ನಿಂತ್ಕೊಂಡು ಅವ್ರಿಗೆ ಮಣ್ಣು ಹಾಕ್ತೀನಿ ಅಂತ ಯಾರು ಕಂಡಿದ್ರು? ಇದನ್ನ ನಾವು ಬೇಡ್ಕೊಂಡಿರ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಮತ್ತೆ ಸಿಗ್ತಾರೆ. ಅದನ್ನ ಮಾತ್ರ ಇಬ್ರೂ ಕೂತ್ಕೊಂಡು ಬೇಡ್ಕೊಂಡಿದ್ವಿ."

ಅಷ್ಟು ಹೇಳಿ, ನನ್ನ ಹೆಂಡತಿಯ ಹೆಗಲ ಮೇಲೆ ಒಂದು ಕೈಯಿಟ್ಟು, ಆಕೆ ಬಿಸಿಲಿನಲ್ಲಿ ಮನೆಯ ಕಡೆ ನಿಧಾನವಾಗಿ ನಡೆಯತೊಡಗಿದರು.