ಯಂತ್ರಕ್ಕೆ ಗೋಲು ಕಾಯಲು ಕಲಿಸಿದ್ದು

ಆ ಕೆಲಸ ನನ್ನ ಪಾಲಿಗೆ ಬಂದದ್ದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ತೊಂಬತ್ತರ ದಶಕದ ಕೊನೆ, ಮೈಸೂರಿನಲ್ಲಿ ಎಂಜಿನಿಯರಿಂಗಿನ ಕೊನೆಯ ವರ್ಷ. ನಾವು ನಾಲ್ವರು ಸೇರಿ ಫುಟ್‌ಬಾಲ್ ಆಡುವ ಪುಟ್ಟ ರೋಬೋಟುಗಳನ್ನು ಮಾಡಬೇಕಿತ್ತು. ಮೂವರು ಹುಡುಗರು ಚೆಂಡು ತಳ್ಳುವ ಯಂತ್ರಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡು, "ಗೋಲಲ್ಲಿ ಸುಮ್ನೆ ನಿಂತಿರೋದು ತಾನೇ, ಅದನ್ನ ನೀನು ಮಾಡು" ಎಂದು ಗೋಲ್‌ಕೀಪರನ್ನು ನನ್ನ ತಲೆಗೆ ಕಟ್ಟಿದರು. ಮೈಯೆಲ್ಲ ಉರಿದುಹೋಯಿತು. ಆದರೂ ಹೂಂ ಅಂದೆ.

ಪ್ಲೈವುಡ್ ಹಲಗೆ, ಎರಡು ಮೋಟಾರು, ಬೆಳಕು ಗುರುತಿಸುವ ಎರಡು ಕಣ್ಣು. ಇಷ್ಟೇ ನನ್ನ ಕೀಪರು. ಚೆಂಡಿನೊಳಗೆ ಸಣ್ಣ ಬಲ್ಬು ಉರಿಯುತ್ತಿತ್ತು. ಬೆಳಕು ಯಾವ ಕಡೆ ಹೆಚ್ಚೋ ಆ ಕಡೆಗೆ ಓಡು ಎಂದು ಪ್ರೋಗ್ರಾಮ್ ಬರೆದೆ. ಅಯ್ಯೋ, ಅದು ಓಡಿತು ನೋಡಿ! ಮೂಲೆಯಲ್ಲಿ ಚೆಂಡು ಕಂಡರೂ ಸಾಕು, ಗೋಲು ಬಿಟ್ಟು ಅಲ್ಲಿಗೇ ಹೋಗುತ್ತಿತ್ತು. ಹುಡುಗರು ನಗುತ್ತಾ ಹಿಂದಿನಿಂದ ಗೋಲು ಹೊಡೆಯುತ್ತಿದ್ದರು. ನೋಡಿ ನೋಡಿ ಸಾಕಾಗಿ ಮೇಷ್ಟ್ರು ಹೇಳಿದರು: "ಇನ್ನೆರಡು ವಾರ ನೋಡ್ತೀನಮ್ಮ. ಆಗಲಿಲ್ಲ ಅಂದ್ರೆ ಇವರಲ್ಲೇ ಒಬ್ಬರು ಬರೀತಾರೆ. ಆಗ ರಿಪೋರ್ಟಿನಲ್ಲಿ ನಿನ್ನ ಹೆಸರಿರಲ್ಲ."

ನಾನಿದ್ದದ್ದು ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ, ಸೋದರತ್ತೆಯ ಮನೆಯಲ್ಲಿ. ಅಲ್ಲಿಂದಲೇ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಕಾಲೇಜಿಗೆ ಹೋಗಿಬರುತ್ತಿದ್ದೆ. ಅತ್ತೆ ನಾಲ್ಕು ಎಮ್ಮೆ ಕಟ್ಟಿದ್ದರು, ಡೈರಿಗೆ ಹಾಲು ಹಾಕುತ್ತಿದ್ದರು. ಒಂದು ಭಾನುವಾರ ಕಬ್ಬಿನ ಗಾಡಿ ಹೊರಡಲೆಂದು ಗದ್ದೆಯ ಬೇಲಿ ಕಿತ್ತು ದಾರಿ ಮಾಡಿದ್ದರು. ಎಮ್ಮೆಗಳು ನಾಲೆಯಿಂದ ಮರಳುವ ಹೊತ್ತಿಗೆ ಅತ್ತೆ ಆ ಕಂಡಿ ಕಾಯಲು ನನ್ನನ್ನು ನಿಲ್ಲಿಸಿದರು. ಮೊದಲ ಎಮ್ಮೆ ಕಂಡದ್ದೇ ತಡ, ಕೋಲು ಹಿಡಿದು ಅದರತ್ತಲೇ ಓಡಿದೆ. ಅಷ್ಟರಲ್ಲಿ ಇನ್ನೆರಡು ನನ್ನ ಬೆನ್ನ ಹಿಂದಿನಿಂದ ನುಗ್ಗಿ ಕಬ್ಬಿಗೆ ಬಾಯಿ ಹಾಕಿದ್ದವು.

"ಏಯ್, ಕಂಡಿ ಬುಟ್ಟು ಎಲ್ಲಿಗೋದೆ?" ಅತ್ತೆ ದೂರದಿಂದಲೇ ಕೂಗಿಕೊಂಡು ಬಂದರು. "ಎಮ್ಮೆ ಓಡ್ಸು ಅಂದ್ನಾ ನಿಂಗೆ? ಕಂಡಿ ಕಾಯಿ ಅಂದೆ!"

ಒಳಗಿದ್ದವನ್ನು ಹೊರಗಟ್ಟಿ ತಾವೇ ನಿಂತರು. ಕೈಯಲ್ಲಿ ಕೋಲೂ ಇಲ್ಲ. ಎಮ್ಮೆಗಳು ದೂರವಿದ್ದಷ್ಟು ಹೊತ್ತೂ ಕಂಡಿಯ ನಟ್ಟನಡುವೆ ಅಲುಗದೆ ನಿಂತಿದ್ದರು. ಒಂದು ಹತ್ತಿರ ಬಂದು ಮೂತಿಯನ್ನು ಎಡಕ್ಕೆ ತಿರುಗಿಸಿದರೆ ಎಡಕ್ಕೆ ಒಂದು ಹೆಜ್ಜೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಅದು ಬೇಸತ್ತು ಆಚೆ ಹೋದರೆ ಮತ್ತೆ ನಡುವಿಗೆ.

"ದೂರ ಇರೋವಾಗ ಕುಣೀಬೇಡ ಕಣವ್ವ," ಎಂದರು. "ಅತ್ರಕ್ಕೆ ಬಂದಾಗ ಅದ್ರ ಮೂತಿ ಎತ್ಲಾಗೋ ನೀನೂ ಅತ್ಲಾಗೆ. ಅದು ಓದ್ಮೇಲೆ ನಿನ್ನ ಜಾಗುಕ್ಕೆ ಬಂದ್ಬುಡು. ಅಷ್ಟೇಯ."

ಅವರ ಕಾಲುಗಳನ್ನೇ ನೋಡುತ್ತಾ ನಿಂತುಬಿಟ್ಟೆ. ಎಂಥ ಹೆಂಗಸು! ನಾನು ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡದ್ದನ್ನು ಅವರು ಸೆರಗು ಸಿಕ್ಕಿಸಿ ನಾಲ್ಕು ಹೆಜ್ಜೆಯಲ್ಲಿ ಮಾಡಿ ತೋರಿಸಿದ್ದರು. ಮರುದಿನ ರೈಲಿನಲ್ಲಿ ಸೀಟು ಸಿಗಲಿಲ್ಲ. ಶ್ರೀರಂಗಪಟ್ಟಣದ ಸೇತುವೆ ದಾಟುವಾಗಲೂ ಬಾಗಿಲ ಬಳಿ ನಿಂತು ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದೆ. ಕಾಲೇಜಿಗೆ ಹೋದವಳೇ ಯಂತ್ರ ಗೋಲಿನ ಗೆರೆಯ ಮೇಲಷ್ಟೇ ಅತ್ತಿತ್ತ ಸರಿಯುವಂತೆ ಚಕ್ರಗಳನ್ನು ತಿರುಗಿಸಿ ಕೂರಿಸಿದೆ, ಅಡಿಯಲ್ಲಿ ನೆಲ ನೋಡುವ ಇನ್ನೊಂದು ಕಣ್ಣು ಸೇರಿಸಿದೆ. ಬೆಳಕು ಮಂಕಾಗಿದ್ದರೆ ಅಲುಗಬೇಡ. ಪ್ರಖರವಾದರೆ ಹೆಚ್ಚಿರುವ ಕಡೆಗೆ ಸರಿ. ಬೆಳಕು ದೂರವಾದೊಡನೆ ನಡುವೆ ಅಂಟಿಸಿದ ಕಪ್ಪು ಪಟ್ಟಿಗೆ ಮರಳು. ಇಷ್ಟೇ.

ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ತಾವೇ ನೆಲಕ್ಕೆ ಕೂತು ಚೆಂಡು ಉರುಳಿಸಿದರು. ಎಡ, ಬಲ, ಮೂಲೆ. ಕೀಪರು ಒಂದನ್ನೂ ಬಿಡಲಿಲ್ಲ. ಹುಡುಗರೇ ಚಪ್ಪಾಳೆ ತಟ್ಟಿದರು.

"ಭೇಷ್! ಈ ಉಪಾಯ ಎಲ್ಲಿಂದ ಬಂತಮ್ಮ? ಯಾವುದಾದರೂ ಪುಸ್ತಕದ್ದಾ?" ಎಂದರು ಪರೀಕ್ಷಕರು.

ಅತ್ತೆಯ ಹೆಸರು ನಾಲಗೆಯ ತುದಿಗೆ ಬಂದಿತ್ತು. ಎಮ್ಮೆ ಅಂದರೆ ನಕ್ಕಾರು ಅನ್ನಿಸಿತು. "ಇಲ್ಲ ಸಾರ್, ನಾನೇ ಯೋಚನೆ ಮಾಡಿದೆ" ಎಂದೆ. ರಿಪೋರ್ಟಿನಲ್ಲಿ ನನ್ನ ಹೆಸರು ಉಳಿಯಿತು.

ಅವತ್ತು ಸಂಜೆ ಅತ್ತೆ ಹಾಲು ಕರೆಯುತ್ತಿದ್ದಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನಡೆದದ್ದೆಲ್ಲವನ್ನೂ ಹೇಳಿದೆ, ಸುಳ್ಳನ್ನೂ ಮುಚ್ಚಿಡಲಿಲ್ಲ. ಬೈಯಲಿ ಎಂದೇ ಕಾದಿದ್ದೆ. ಅವರು ಕರೆಯುವುದನ್ನು ನಿಲ್ಲಿಸಲಿಲ್ಲ.

"ಅಯ್ಯೋ, ನಂಗೂ ನಮ್ಮತ್ತೆ ಏಳ್ಕೊಟ್ಟಿದ್ದು ಕಣವ್ವ. ಅವರ್ ಎಸ್ರ ನಾನ್ ಯಾರ್ ಮುಂದೆ ಏಳೀವ್ನಿ?" ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು:

"ನನ್ನಂತೋಳ್ನ ಯಾರೂ ಕೇಳ್ನಿಲ್ಲ, ನಾನ್ ಏಳ್ನಿಲ್ಲ. ನಿನ್ನ ಕೇಳುದ್ರಲ್ಲ ಮಗ."